ಅಪ್ಪಾಜಿಗೆ ರೊಟ್ಟಿ ಎದೇಲಿ ಸಿಕ್ಕಾಕೊಳ್ತಿತ್ತು, ಈಗ ಎಂಡೋಸ್ಕೋಪೀಲಿ ಗಡ್ಡೆ ಅಂತಿದಾರೆ, ಮುಂದೇನು?

ದಾವಣಗೆರೆ_ಮಗ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಗೊತ್ತಿರೋರು ದಯವಿಟ್ಟು ಪೂರ್ತಿ ಓದಿ ಹೇಳಿ. ಅಪ್ಪಾಜಿಗೆ 62 ವರ್ಷ, ಅಕ್ಕಿ ಗಿರಣೀಲಿ ಲೆಕ್ಕ ಬರೀತಿದ್ರು. 30 ವರ್ಷ ಬೀಡಿ ಸೇದಿದಾರೆ, ಬಿಟ್ಟು 6 ವರ್ಷ ಆಯ್ತು, ಆದ್ರೆ ಎಲೆ ಅಡಿಕೆ ಬಿಟ್ಟಿಲ್ಲ, ಸುಣ್ಣದ ಡಬ್ಬಿ ಈಗ್ಲೂ ಜೇಬಲ್ಲೇ ಇರುತ್ತೆ.

ಯುಗಾದಿ ಹೊತ್ತಿಗೆ ಶುರುವಾಗಿದ್ದು. ಮೊದಲು ಮಂಡಕ್ಕಿ ಮೆಣಸಿನಕಾಯಿ ಬಿಟ್ರು, "ಯಾಕೋ ಒಣಾ ಒಣಾ ಅನ್ಸುತ್ತೆ" ಅಂದ್ರು. ಆಮೇಲೆ ರೊಟ್ಟಿನ ಸಾರಲ್ಲಿ ನೆನೆಸಿ ತಿನ್ನೋಕೆ ಶುರು ಮಾಡಿದ್ರು, ಒಂದೊಂದು ತುತ್ತಿಗೂ ಒಂದು ಗುಟುಕು ನೀರು, ನಾವೆಲ್ಲ ಊಟ ಮುಗಿಸಿ ಎದ್ರೂ ಅವರ ತಟ್ಟೆ ಅರ್ಧ ಹಾಗೇ. ನಾವು ಹಲ್ಲಿನ ಸಮಸ್ಯೆ ಅನ್ಕೊಂಡ್ವಿ, ಅದೇ ನಮ್ಮ ತಪ್ಪು. ಹತ್ರದ ಕ್ಲಿನಿಕ್ಕಲ್ಲಿ ತೋರ್ಸಿದ್ರೆ ಗ್ಯಾಸು ಅಂತ ಬೆಳಗ್ಗೆ ಖಾಲಿ ಹೊಟ್ಟೆ ಮಾತ್ರೆ, ಒಂದು ಪಿಂಕ್ ಸಿರಪ್, ಹಿಂಗೇ ಮೂರು ತಿಂಗಳು ಹೋಯ್ತು. ಬೆಲ್ಟಿಗೆ ಮೊಳೆ ಕಾಯಿಸಿ ಹೊಸದಾಗಿ ಎರಡು ತೂತು ಮಾಡ್ಕೊಂಡಿದಾರೆ, ಅದು ನೋಡಿದ ಮೇಲೇ ನಂಗೆ ಭಯ ಆಗಿದ್ದು. 9 ಕೆಜಿ ಇಳಿದಿದಾರೆ.

ಮೊನ್ನೆ ಬೇರೆ ಕಡೆ ಎಂಡೋಸ್ಕೋಪಿ ಆಯ್ತು. ರಿಪೋರ್ಟಲ್ಲಿ "ಅನ್ನನಾಳದಲ್ಲಿ 28 ರಿಂದ 33 ಸೆಂ.ಮೀ. ತನಕ ಅಲ್ಸರೋಪ್ರೊಲಿಫರೇಟಿವ್ ಗ್ರೋತ್ (ಹುಣ್ಣಾಗಿ ಬೆಳೆದಿರೋ ಗಡ್ಡೆ), ಸ್ಕೋಪ್ ಕಷ್ಟದಿಂದ ಪಾಸ್ ಆಯಿತು, ಬಯಾಪ್ಸಿ ತೆಗೆಯಲಾಗಿದೆ" ಅಂತಿದೆ. ಬಯಾಪ್ಸಿ ಬರೋಕೆ ಐದಾರು ದಿನ ಅಂದ್ರು. ನಮ್ಮ ದೊಡ್ಡಪ್ಪ "ಗಡ್ಡೆನ ಯಾಕೆ ಕೀಳಿಸೋಕೆ ಹೋದ್ರಿ, ಮುಟ್ಟಿದ್ರೆ ಹರಡುತ್ತೆ" ಅಂತ ಬೈತಿದಾರೆ. ಅದು ನಿಜಾನಾ? ಅಷ್ಟು ಉದ್ದದ ಗಡ್ಡೆ ಅಂದ್ರೆ ಲಾಸ್ಟ್ ಸ್ಟೇಜಾ? ಆಪರೇಷನ್ ಆಗುತ್ತಾ? ಅಪ್ಪಾಜಿಗೆ ಇನ್ನೂ ಏನೂ ಹೇಳಿಲ್ಲ, ಅಲ್ಸರ್ ಅಂದಿದೀವಿ.

ಗ್ಯಾಸ್ಟ್ರೋ_ಸರ್ಜನ್:

ನಾನು ಇದೇ ಕೆಲಸ ಮಾಡೋನು, ಆದ್ರೆ ನಿಮ್ಮ ತಂದೆನ ನೋಡಿಲ್ಲ, ಆದ್ದರಿಂದ ಸಾಮಾನ್ಯವಾಗಿ ಹೇಗೆ ನಡೆಯುತ್ತೆ ಅನ್ನೋದನ್ನ ಮಾತ್ರ ಹೇಳ್ತೀನಿ.

ಮೊದಲು ದೊಡ್ಡಪ್ಪನ ವಿಷಯ. ಬಯಾಪ್ಸಿಯಿಂದ ಹರಡುತ್ತೆ ಅನ್ನೋದು ಸುಳ್ಳು. ಎಂಡೋಸ್ಕೋಪಿ ಒಳಗಿಂದ ಒಂದು ಚಿಕ್ಕ ಚಿಮಟದಲ್ಲಿ ಎಳ್ಳುಕಾಳಿನಷ್ಟು ಆರೆಂಟು ಚೂರು ತೆಗೀತಾರೆ ಅಷ್ಟೇ. ಅದಿಲ್ದೆ ಯಾವ ಆಸ್ಪತ್ರೇಲೂ ಕೀಮೋ ಆಗಲಿ ರೇಡಿಯೇಷನ್ ಆಗಲಿ ಶುರು ಮಾಡಲ್ಲ, ಮಾಡಲೂಬಾರದು.

28 ರಿಂದ 33 ಅನ್ನೋದು ಗಡ್ಡೆ ಅಷ್ಟುದ್ದ ಇದೆ ಅಂತ ಅಲ್ಲ, ಮುಂದಿನ ಹಲ್ಲಿನಿಂದ ಅಳತೆ ಅದು. ಅನ್ನನಾಳ ಇರೋದೇ ಸುಮಾರು 25 ಸೆಂ.ಮೀ., ಹಲ್ಲಿನಿಂದ 15ರ ಹತ್ರ ಶುರುವಾಗಿ 40ರ ಹತ್ರ ಹೊಟ್ಟೆ ಸೇರುತ್ತೆ. ಅಂದ್ರೆ ನಿಮ್ಮ ತಂದೆಯವರದ್ದು 5 ಸೆಂ.ಮೀ. ಗಡ್ಡೆ, ನಾಳದ ನಡುವಿನಿಂದ ಸ್ವಲ್ಪ ಕೆಳಗೆ. ಶ್ವಾಸನಾಳ ಎರಡಾಗಿ ಒಡೆಯೋ ಜಾಗ 25ರ ಹತ್ರ ಬರುತ್ತೆ, ಅದಕ್ಕಿಂತ ಮೇಲಿದ್ದಿದ್ರೆ ಬ್ರಾಂಕೋಸ್ಕೋಪಿ, ಅಂದ್ರೆ ಶ್ವಾಸನಾಳದೊಳಗೆ ಸ್ಕೋಪ್ ಹಾಕಿ ನೋಡೋದು, ಅದೂ ಬೇಕಾಗ್ತಿತ್ತು.

ಉದ್ದ ನೋಡಿ ಸ್ಟೇಜ್ ಹೇಳಕ್ಕಾಗಲ್ಲ, ಬಯಾಪ್ಸೀಲೂ ಸ್ಟೇಜ್ ಬರಲ್ಲ. ಬಯಾಪ್ಸಿ ಹೇಳೋದು ಕ್ಯಾನ್ಸರಾ ಅಲ್ವಾ, ಯಾವ ಜಾತೀದು ಅಂತ. ನಮ್ಮ ದೇಶದಲ್ಲಿ ಜಾಸ್ತಿ ಕಾಣೋದು ಸ್ಕ್ವಾಮಸ್, ಬೀಡಿ, ಹೊಗೆಸೊಪ್ಪು, ಹೆಂಡ, ಎಲೆ ಅಡಿಕೆ ಇವುಗಳ ಬೆನ್ನಿಗೇ ಬರೋದು. ಇನ್ನೊಂದು ಅಡಿನೋಕಾರ್ಸಿನೋಮಾ, ಅದು ನಾಳದ ಕೆಳತುದೀಲಿ, ವರ್ಷಗಟ್ಟಲೆ ಎದೆಯುರಿ ಇದ್ದೋರಿಗೆ, ದಪ್ಪ ಇರೋರಿಗೆ ಜಾಸ್ತಿ. ಸ್ಟೇಜ್ ಗೊತ್ತಾಗೋದು ಎದೆ ಹೊಟ್ಟೆ ಸಿಟಿ ಸ್ಕ್ಯಾನ್, ಪೆಟ್ ಸ್ಕ್ಯಾನ್ ಇವುಗಳಲ್ಲಿ. ಸ್ಕೋಪಿನ ತುದೀಲೇ ಸ್ಕ್ಯಾನಿಂಗ್ ಸಾಧನ ಇರೋ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಅಂತಾನೂ ಇದೆ, ಗೋಡೆ ಒಳಗೆ ಎಷ್ಟು ಆಳ ಇಳಿದಿದೆ ಅಂತ ನೋಡೋಕೆ, ಆದ್ರೆ ಸ್ಕೋಪೇ ಕಷ್ಟದಲ್ಲಿ ಹೋಗಿದೆ ಅಂದ್ರೆ ಅದು ಹೋಗದೇನೂ ಇರಬಹುದು, ಹೋಗಿಲ್ಲ ಅಂದ್ರೆ ತಲೆ ಕೆಡಿಸ್ಕೋಬೇಡಿ.

ಒಂದು ಇಎನ್‌ಟಿ ಚೆಕಪ್ಪೂ ಮಾಡಿಸಿ. ಬೀಡಿ ಅಡಿಕೆ ತಾಗಿದ್ದು ಬರೀ ಅನ್ನನಾಳಕ್ಕಲ್ಲ, ಬಾಯಿಗೂ ಗಂಟಲಿಗೂ. ನೀರು ಕುಡಿದ ತಕ್ಷಣ ವಿಪರೀತ ಕೆಮ್ಮು ಬರ್ತಿದ್ರೆ ಅಥವಾ ದನಿ ಒಡೆದಿದ್ರೆ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ, ಇವತ್ತೇ ಡಾಕ್ಟರಿಗೆ ಹೇಳಿ. ಅನ್ನನಾಳಕ್ಕೂ ಶ್ವಾಸನಾಳಕ್ಕೂ ನಡುವೆ ತೂತು ಬಿದ್ರೂ ಹಂಗೆ ಕೆಮ್ಮು ಬರುತ್ತೆ.

ಸೊಸೆ_ಮೈಸೂರು:

ನಿಮ್ಮ ಪೋಸ್ಟ್ ಓದಿ ನಮ್ಮತ್ತೆ ಕಣ್ಮುಂದೆ ಬಂದ್ರು ಕಣಪ್ಪ. ಅವರೂ ಹಿಂಗೇ, ಮುದ್ದೆ ನುಂಗೋರು "ಮುದ್ದೆ ಗಟ್ಟಿ ಮಾಡ್ತೀಯ" ಅಂತ ನನ್ನ ಮೇಲೇ ರೇಗೋರು, ನಾನು ದಿನಾ ತೆಳ್ಳಗೆ ತೆಳ್ಳಗೆ ಮಾಡ್ಕೊಂಡು ಹೋಗಿ ಕೊನೆಗೆ ಅಂಬಲಿ ಆಗಿತ್ತು ಅದು. ಕಡ್ಡಿಪುಡಿ ಹಾಕೋ ಅಭ್ಯಾಸ ಇತ್ತು. 71 ವರ್ಷ, ಹಾರ್ಟ್ ವೀಕು, ಆಪರೇಷನ್ ತಡ್ಕೊಳಲ್ಲ ಅಂದ್ರು, ಕರೆಂಟು (ರೇಡಿಯೇಷನ್) ಕೀಮೋ ಎರಡೂ ಒಟ್ಟಿಗೆ ಕೊಟ್ರು, 28 ಸಿಟ್ಟಿಂಗ್. ಆಮೇಲೆ ಎರಡು ವರ್ಷ ಮೂರು ತಿಂಗಳು ಇದ್ರು. ಕೊನೇ ಐದು ತಿಂಗಳು ಮತ್ತೆ ಕಟ್ಟಿತು, ಆಗ ಒಳಗೆ ಜಾಲರಿ ಥರ ಸ್ಟೆಂಟ್ ಹಾಕಿದ್ರು, ಗಂಜಿ ಇಳೀತಿತ್ತು. ಸುಳ್ಳು ಹೇಳಲ್ಲ, ಸುಲಭ ಇರಲಿಲ್ಲ, ಆದ್ರೆ ಆ ಎರಡು ವರ್ಷದಲ್ಲಿ ಮೊಮ್ಮಗಳ ಮದುವೆ ನೋಡಿದ್ರು.

ಒಂದು ಮಾತು ಈಗಲೇ ಹೇಳ್ತೀನಿ, ರಿಪೋರ್ಟ್ ಬರ್ಲಿ ಅಂತ ಕಾಯ್ತಾ ಊಟದ ವಿಷಯ ಬಿಡಬೇಡಿ. ನಾವು ಟೆಸ್ಟ್ ಟೆಸ್ಟ್ ಅಂತ ಓಡಾಡಿ ಮೂರು ವಾರ ಕಳೆದ್ವಿ, ಅಷ್ಟರಲ್ಲಿ ಅತ್ತೆ ಎಷ್ಟು ನಿತ್ರಾಣ ಆದ್ರು ಅಂದ್ರೆ ಕೀಮೋ ಕೊಡೋಕೇ ಹಿಂದೆ ಮುಂದೆ ನೋಡಿದ್ರು. ಡಾಕ್ಟರ್ ಬೈದಿದ್ದು ಅದಕ್ಕೇನೇ. ಗಟ್ಟಿ ಪದಾರ್ಥ ಬಲವಂತ ಮಾಡಬೇಡಿ, ಸಿಕ್ಕಾಕೊಂಡ್ರೆ ಮತ್ತೆ ಎಂಡೋಸ್ಕೋಪಿ ಮಾಡಿ ತೆಗೀಬೇಕು. ರಾಗಿ ಅಂಬಲಿ ಹಾಲು ಹಾಕಿ, ಹೆಸರುಬೇಳೆ ಅನ್ನ ಚೆನ್ನಾಗಿ ಬೇಯಿಸಿ ಮಿಕ್ಸಿಗೆ ಹಾಕಿ ಸೋಸಿ ಒಂದು ಚಮಚ ತುಪ್ಪ, ಹುರಿಹಿಟ್ಟು ಬೆಲ್ಲ ಹಾಲು, ಮೊಟ್ಟೆ ತಿನ್ನೋರಾದ್ರೆ ಬೇಯಿಸಿ ಅದನ್ನೂ ಸೂಪಿಗೆ ರುಬ್ಬಿ. ಎರಡು ಗಂಟೆಗೊಂದು ಸಲ ಒಂದು ಲೋಟ. ಬರೀ ಗಂಜಿ ತಿಳಿ, ಎಳನೀರು ಅಂತ ಕೂತ್ರೆ ಹೊಟ್ಟೆ ತುಂಬುತ್ತೆ ಶಕ್ತಿ ಬರಲ್ಲ. ವಾರಕ್ಕೊಂದ್ಸಲ ತೂಕ ನೋಡಿ ಬರೆದಿಡಿ. ಅಂಬಲೀನೂ ಗಂಟಲಲ್ಲಿ ಇಳೀತಿಲ್ಲ ಅಂದ್ರೆ ಮೂಗಲ್ಲಿ ಟ್ಯೂಬ್ ಹಾಕ್ತಾರೆ, ನೋಡೋಕೆ ಹೆದರಿಕೆ ಆಗುತ್ತೆ, ಆದ್ರೆ ಟ್ಯೂಬ್ ಬಿದ್ದ ಮೇಲೇ ಅತ್ತೆ ಮುಖಕ್ಕೆ ಕಳೆ ಬಂದಿದ್ದು.

ಹಸಿರು_ಬದುಕು:

ಕೀಮೋ ಎಲ್ಲಾ ವಿಷ ಸರ್. ಮಲೆನಾಡು ಕಡೆ ಒಬ್ರು ತೊಗಟೆ ಕಷಾಯ ಕೊಡ್ತಾರೆ, ಪಥ್ಯ ಕಟ್ಟುನಿಟ್ಟು, ಹಾಲು ಮೊಟ್ಟೆ ಸಕ್ಕರೆ ಪೂರ್ತಿ ಬಂದ್. ಮೂರು ತಿಂಗಳು ಟ್ರೈ ಮಾಡಿ ಆಮೇಲೆ ಬೇಕಾದ್ರೆ ಆಸ್ಪತ್ರೆಗೆ ಹೋಗಿ.

ಸೊಸೆ_ಮೈಸೂರು:

9 ಕೆಜಿ ಇಳಿದಿರೋ ಮನುಷ್ಯನಿಗೆ ಹಾಲೂ ಬಂದ್ ಮೊಟ್ಟೆನೂ ಬಂದ್ ಅಂತೀರಲ್ಲ ಸ್ವಾಮಿ. ಮೂರು ತಿಂಗಳು ಗ್ಯಾಸಿನ ಮಾತ್ರೇಲಿ ಆಗಲೇ ಹೋಗಿದೆ, ಇನ್ನೂ ಮೂರು ತಿಂಗಳು ಕಷಾಯಕ್ಕೆ ಎಲ್ಲಿಂದ ತರೋದು? ಬೇಜಾರು ಮಾಡ್ಕೋಬೇಡಿ.

ಧಾರವಾಡ_ಕಾಕಾ:

ತಮ್ಮಾ, ನಾ ಆಪರೇಶನ್ ಆಗಿ ನಾಕು ವರ್ಷ ಆದವ ಇದ್ದೀನಿ, ಹಂಗಾಗಿ ಬರ್ಯಾಕತ್ತೀನಿ. ನನಗೂ ಸ್ಕ್ವಾಮಸ್ಸೇ, ಆಗ ನನಗ 59. ತಂಬಾಕ ತಿಂತಿದ್ದೆ, ಗುಟ್ಕಾನೂ ತಿಂದೇನಿ, ಮುಚ್ಚಿಡೂದೇನದ.

ಮದಲ ಅಪ್ಪಗ ಹೇಳ್ರಿ. ನಮ್ಮ ಮನ್ಯಾಗ ನನಗ ಹೇಳಿರಲಿಲ್ಲ, ಹುಣ್ಣು ಆಗೇದ ಅಂತ ಕರ್ಕೊಂಡು ಹೋದ್ರು. ಆಸ್ಪತ್ರಿ ಮುಂದ ಇಷ್ಟ ದೊಡ್ಡ ಬೋರ್ಡಿನ್ಯಾಗ ಕ್ಯಾನ್ಸರ್ ಅಂತ ಬರದಿತ್ತು, ನನಗ ಓದಾಕ ಬರ್ತದಲ್ಲಪಾ! ಮಗ ಮಾರಿ ಆ ಕಡೆ ಮಾಡಿ ನಿಂತಿದ್ದ, ನಾನೂ ಸುಮ್ನ ನಡದೆ. ಒಬ್ಬರಿಗೊಬ್ಬರು ನಾಟಕ ಮಾಡಿ ಮಾಡಿ ಹತ್ತು ದಿವಸ ಸತ್ತು ಹೋದ್ವಿ. ಯಾವಾಗ ಡಾಕ್ಟರು ಕುಂದರ್ಸಿ ಚಿತ್ರಾ ತಗದು ಹೇಳಿದ್ರು ನೋಡ್ರಿ, ಅವತ್ತ ರಾತ್ರಿ ನಿದ್ದಿ ಬಂತು ನನಗ.

ಆಪರೇಶನ್ ಅಂದ್ರ ಸಣ್ಣದಲ್ಲ. ಅನ್ನನಾಳ ತಗದು, ಹೊಟ್ಟೀನs ಕೊಳವಿ ಗತೆ ಹೊಲದು ಮ್ಯಾಲ ಎಳದು ಕುತಗಿ ಹತ್ರ ಜೋಡಸ್ತಾರ. ನನಗ ಎದಿ ಬಲಕ್ಕ ನಾಕು ತೂತು, ಹೊಟ್ಟಿ ಮ್ಯಾಲ ಒಂದಿಷ್ಟು, ಕುತಗಿ ಎಡಕ್ಕ ಒಂದು ಗೀರು. ಆಪರೇಶನ್‌ಗಿಂತ ಮದಲ ಮೂರು ವಾರ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ರು, ಒಳಗ ಮೂರು ಚಂಡು, ಉಸರ ಎಳದ್ರ ಮ್ಯಾಲ ಏರ್ತಾವ. ಮದಲ ದಿವಸ ಒಂದೂ ಏರ್ಲಿಲ್ಲ. ಹುಡುಗರ ಆಟಗಿ ಅಂತ ನಕ್ಕಿದ್ದೆ, ಆದ್ರ ಆಪರೇಶನ್ ಆದಮ್ಯಾಲ ನಿಮೋನಿಯಾ ಬರದಂಗ ಕಾಯೂದು ಅದs. ಐಸಿಯುದಾಗ ಮೂರು ದಿವಸ ಇದ್ದೆ. ಆರನೇ ದಿವಸ ಕುತಗಿ ಹೊಲಗಿ ಸ್ವಲ್ಪ ಸೋರ್ತು, ಜೊಲ್ಲು ಹೊರಗ ಬರ್ತಿತ್ತು, ಹೆಂಡ್ತಿ ಅತ್ತಬಿಟ್ಲು. ಹೊಟ್ಟಿ ಮ್ಯಾಲ ಸಣ್ಣ ಕರುಳಿಗೆ ಒಂದು ಪೈಪ್ ಇಟ್ಟಿರ್ತಾರ, ಊಟಾ ಅದರಾಗ ಹೋಗ್ತಿತ್ತು, ಕುತಗಿಗೆ ಬರೇ ಡ್ರೆಸ್ಸಿಂಗ್ ಮಾಡಿ ಮಾಡಿ ಎರಡು ವಾರದಾಗ ತಾನs ಮುಚ್ಚಿತು. ಮುಂದ ಅಲ್ಲೇ ಬಿಗಿ ಆತು ಅಂತ ಎರಡು ಸಲ ಬಲೂನ್ ಹಾಕಿ ಹಿಗ್ಗಸ್ಯಾರ.

ಈಗ ಹೆಂಗ ಇದ್ದೀರಿ ಅಂದ್ರ, ದಿವಸಕ್ಕ ಆರು ಸಲ ಸ್ವಲ್ಪ ಸ್ವಲ್ಪ ತಿಂತೀನಿ. ರೊಟ್ಟಿ ತಿಂತೀನಿ, ಬಿಸಿದು, ತೆಳ್ಳಂದು, ಅಗದು ಅಗದು. ಊಟದ ಜೋಡಿ ನೀರು ಕುಡ್ಯಾಂಗಿಲ್ಲ, ಅರ್ಧಾ ತಾಸು ಬಿಟ್ಟು. ಉಂಡ ಕೂಡ್ಲೆ ಮಲಗಾಂಗಿಲ್ಲ. ಮಂಚದ ತಲಿ ಕಡೆ ಕಾಲಿಗೆ ಎರಡೆರಡು ಇಟ್ಟಂಗಿ ಇಟ್ಟೀವಿ, ಸಪಾಟ ಮಲಗಿದ್ರ ಹುಳಿ ನೀರು ಬಾಯಿಗೆ ಬರ್ತದ. ಹೋದ ವರ್ಷ ಶ್ರಾವಣದಾಗ ಆಸೆಕ್ಕ ಒಂದು ಹೋಳಿಗಿ ಪೂರ್ತಿ ತಿಂದೆ, ಹತ್ತು ಮಿನಿಟಿನ್ಯಾಗ ಬೆವರು, ಎದಿ ಡವ ಡವ, ಕಣ್ಣು ಕತ್ತಲಿ. ಡಂಪಿಂಗ್ ಅಂತಾರಂತ, ಸಿಹಿ ಹೊಟ್ಯಾಗ ನಿಲ್ಲದs ಕರುಳಿಗೆ ಒಮ್ಮೆಲೆ ಇಳದ್ರ ಹಂಗಾಗ್ತದ. ಈಗ ಹೋಳಿಗಿ ಅಂದ್ರ ನಾಕನೇ ಒಂದು ಭಾಗ ಅಷ್ಟ.

ದಾವಣಗೆರೆ_ಮಗ:

(ಹದಿಮೂರು ದಿನ ಆದ ಮೇಲೆ ಬರೀತಿದೀನಿ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಯಾಪ್ಸಿ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ, ಮಾಡರೇಟ್ಲಿ ಡಿಫರೆನ್ಷಿಯೇಟೆಡ್ (ಮಧ್ಯಮ ದರ್ಜೆದು). ಪೆಟ್ ಸ್ಕ್ಯಾನಲ್ಲಿ ಲಿವರ್, ಲಂಗ್ಸ್, ಮೂಳೆ ಎಲ್ಲಾ ಕ್ಲಿಯರ್, ಪಕ್ಕದಲ್ಲಿ ಎರಡು ಗಂಟು ಇದೆ. ಟಿ3 ಎನ್1 ಎಂ0, ಸ್ಟೇಜ್ 3 ಅಂದ್ರು. ಅಮ್ಮ "4ರಲ್ಲಿ 3 ಆಗೋಯ್ತಲ್ಲೋ" ಅಂತ ಅಲ್ಲೇ ಕೂತ್ಬಿಟ್ರು. ಬೆಂಗಳೂರಲ್ಲಿ ತೋರಿಸ್ತಿದೀವಿ. ಮೊದಲು 5 ವಾರ ರೇಡಿಯೇಷನ್, ಜೊತೆಗೆ ವಾರಕ್ಕೊಂದು ಕೀಮೋ, ಆಮೇಲೆ ಆಪರೇಷನ್ ಅಂತ ಪ್ಲಾನ್ ಹೇಳಿದಾರೆ. ನನ್ನ ಪ್ರಶ್ನೆ, ಗಡ್ಡೆ ಇರೋದು ಗೊತ್ತಾಗಿದೆ ಅಂದ ಮೇಲೆ ಮೊದಲೇ ಕೊಯ್ದು ತೆಗೆಯೋದು ಬಿಟ್ಟು ಯಾಕೆ ಇಷ್ಟು ದಿನ ಕಾಯೋದು? ಪಕ್ಕದ ಬೆಡ್ಡಿನೋರಿಗೆ ಬರೀ ಕೀಮೋ ಕೊಡ್ತಿದಾರೆ ಬೇರೆ, ನಮ್ಮದು ತಪ್ಪಾ ಅವರದ್ದು ತಪ್ಪಾ?

ಗ್ಯಾಸ್ಟ್ರೋ_ಸರ್ಜನ್:

ತಾಯಿಯವರಿಗೆ ಹೇಳಿ, ಇದು ಪರೀಕ್ಷೆ ಮಾರ್ಕ್ಸ್ ಥರ 4ಕ್ಕೆ 3 ಅಲ್ಲ. ಟಿ3 ಅಂದ್ರೆ ನಾಳದ ಗೋಡೆ ದಾಟಿದೆ ಆದ್ರೆ ಪಕ್ಕದ ಅಂಗಕ್ಕೆ ಹೊಕ್ಕಿಲ್ಲ, ಎನ್1 ಅಂದ್ರೆ ಒಂದೆರಡು ಲಿಂಫ್ ಗಂಟಿಗೆ ಹೋಗಿದೆ, ಎಂ0 ಅಂದ್ರೆ ದೂರದ ಅಂಗಕ್ಕೆ ಹೋಗಿಲ್ಲ. ನಮ್ಮ ಹತ್ರ ಬರೋರಲ್ಲಿ ಹೆಚ್ಚಿನೋರು ಇದೇ ಹಂತ ಅಥವಾ ಇದಕ್ಕಿಂತ ಮುಂದೆ ಹೋಗಿರ್ತಾರೆ, ಯಾಕಂದ್ರೆ ನಾಳ ಹಿಗ್ಗೋ ವಸ್ತು, ಸುಮಾರು ಮುಚ್ಚೋ ತನಕ ಅನ್ನ ಇಳೀತಾನೇ ಇರುತ್ತೆ. ಬರೀ ಒಳಪದರದಲ್ಲಿರುವಾಗಲೇ ಸಿಕ್ಕಿದ್ರೆ ಎಂಡೋಸ್ಕೋಪೀಲೇ ಕೆತ್ತಿ ತೆಗೀಬಹುದು, ಆದ್ರೆ ಆ ಹಂತದಲ್ಲಿ ಯಾರಿಗೂ ಏನೂ ತೊಂದರೆ ಗೊತ್ತಾಗಲ್ಲವಲ್ಲ.

ಯಾಕೆ ಕಾಯೋದು ಅಂದ್ರೆ, ಇದಕ್ಕೆ ನೆದರ್ಲೆಂಡ್ಸಿನ ಕ್ರಾಸ್ ಅನ್ನೋ ಟ್ರಯಲ್ ಇದೆ, 2012ರಲ್ಲಿ ಬಂದಿದ್ದು. ಒಂದು ಗುಂಪಿಗೆ ನೇರ ಆಪರೇಷನ್, ಇನ್ನೊಂದಕ್ಕೆ ಮೊದಲು 23 ಸಿಟ್ಟಿಂಗ್ ರೇಡಿಯೇಷನ್, ಜೊತೆಗೆ ವಾರಕ್ಕೊಮ್ಮೆ ಕಾರ್ಬೋಪ್ಲಾಟಿನ್ ಪ್ಯಾಕ್ಲಿಟ್ಯಾಕ್ಸೆಲ್ ಅನ್ನೋ ಎರಡು ಕೀಮೋ ಔಷಧಿ, ಆಮೇಲೆ ಆಪರೇಷನ್. ನೇರ ಆಪರೇಷನ್ ಆದೋರಲ್ಲಿ ಅರ್ಧ ಜನ 24 ತಿಂಗಳು ದಾಟಿದ್ರೆ, ಮೊದಲು ಕೀಮೋ ರೇಡಿಯೇಷನ್ ತಗೊಂಡೋರಲ್ಲಿ ಅರ್ಧ ಜನ 49 ತಿಂಗಳು ದಾಟಿದ್ರು. ಅದರಲ್ಲೂ ಸ್ಕ್ವಾಮಸ್ ಇದ್ದೋರಲ್ಲಿ ಸುಮಾರು ಅರ್ಧ ಜನಕ್ಕೆ ಆಪರೇಷನ್ ಮಾಡಿ ತೆಗೆದ ನಾಳದಲ್ಲಿ ಮೈಕ್ರೋಸ್ಕೋಪಲ್ಲಿ ಹುಡುಕಿದ್ರೂ ಕ್ಯಾನ್ಸರ್ ಕಣ ಸಿಗಲಿಲ್ಲ. ನಿಮಗೆ ಹೇಳಿರೋ ಪ್ಲಾನ್ ಇದೇ. ಪಕ್ಕದ ಬೆಡ್ಡಿಂದೂ ತಪ್ಪಲ್ಲ, ಜಪಾನಲ್ಲಿ ಸ್ಕ್ವಾಮಸ್ಸಿಗೆ ರೇಡಿಯೇಷನ್ ಬಿಟ್ಟು ಮೂರು ಔಷಧಿ ಸೇರಿಸಿದ ಕೀಮೋ ಕೊಟ್ಟು ಆಪರೇಷನ್ ಮಾಡೋದೇ ರೂಢಿ. ಅವರದ್ದು ಅಡಿನೋ ಆಗಿದ್ರಂತೂ ಲೆಕ್ಕವೇ ಬೇರೆ. ರೇಡಿಯೇಷನ್ ಮುಗಿದು ಆರೆಂಟು ವಾರಕ್ಕೆ ಸ್ಕ್ಯಾನ್ ಮಾಡಿ, ಹೃದಯದ ಎಕೋ, ಶ್ವಾಸಕೋಶದ ಟೆಸ್ಟ್ ನೋಡಿ ಆಪರೇಷನ್ ಡಿಸೈಡ್ ಮಾಡ್ತಾರೆ. ಆಪರೇಷನ್ ಮಾತ್ರ ಇದನ್ನ ಆಗಾಗ ಮಾಡೋ ಟೀಮಿನ ಹತ್ರಾನೇ ಮಾಡಿಸಿ, ವರ್ಷಕ್ಕೆ ಎಷ್ಟು ಮಾಡ್ತೀರಿ ಅಂತ ಕೇಳೋಕೆ ಸಂಕೋಚ ಪಡಬೇಡಿ, ನಾವೇನೂ ಬೇಜಾರು ಮಾಡ್ಕೊಳಲ್ಲ.

ಎಲೆ ಅಡಿಕೆ ಇವತ್ತಿಂದ ಬಂದ್. ಅಡಿಕೇಲಿ ಹೊಗೆಸೊಪ್ಪು ಇಲ್ಲ ಅಲ್ವಾ ಅಂತ ಎಲ್ಲರೂ ಕೇಳ್ತಾರೆ, ಹೊಗೆಸೊಪ್ಪು ಇಲ್ಲದ ಅಡಿಕೇನೂ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆ ಬೆಳೆಯೋ ನಾಡಲ್ಲಿ ಕೂತು ಇದನ್ನ ಹೇಳಿದ್ರೆ ಬೈಸ್ಕೋತೀವಿ, ನಮ್ಮ ಮಾವನ ಮನೇಲೇ ತೋಟ ಇದೆ.

ನ್ಯೂಜೆರ್ಸಿ_ಕನ್ನಡಿಗ:

ಮೇಲೆ ಅಡಿನೋ ಬಗ್ಗೆ ಬಂತಲ್ಲ, ನಂದು ಅದು. ಒಂದು ಬೀಡಿ ಸೇದಿಲ್ಲ, ಎಲೆ ಅಡಿಕೆ ಇಲ್ಲ, ಹದಿನೈದು ವರ್ಷ ಎದೆಯುರಿಗೆ ಅಂಗಡಿ ಮಾತ್ರೆ ನುಂಗ್ಕೊಂಡು ಕಂಪ್ಯೂಟರ್ ಮುಂದೆ ಕೂತಿದ್ದೆ. ನಾಳದ ಕೆಳಗಿನ ಒಳಪದರವೇ ಬದಲಾಗಿ ಬ್ಯಾರೆಟ್ಸ್ ಅಂತ ಆಗಿತ್ತು, ಅದರಲ್ಲಿ ಗಡ್ಡೆ. ನಂಗೆ ರೇಡಿಯೇಷನ್ ಇಲ್ಲ, ಫ್ಲಾಟ್ ಅನ್ನೋ ನಾಲ್ಕು ಔಷಧಿ ಕೀಮೋ, ಆಪರೇಷನ್ ಮುಂಚೆ ನಾಲ್ಕು ಸಲ, ಆದ ಮೇಲೆ ನಾಲ್ಕು. ಎರಡೂ ಒಂದೇ ಹೆಸರಿನ ಕಾಯಿಲೆ ಆದ್ರೂ ಟ್ರೀಟ್‌ಮೆಂಟ್ ಬೇರೆ ಬೇರೆ, ಒಬ್ಬರದ್ದು ನೋಡಿ ಇನ್ನೊಬ್ಬರು ಗಾಬರಿ ಆಗಬಾರದು.

ಸೊಸೆ_ಮೈಸೂರು:

ದುಡ್ಡಿನ ವಿಷಯ ಯಾರೂ ಮಾತಾಡಿಲ್ಲ. ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಮನೆಗೆ 5 ಲಕ್ಷದ ತನಕ, ಎಪಿಎಲ್ ಆದ್ರೆ ಬಿಲ್ಲಿನ 30 ಪರ್ಸೆಂಟು, ಒಟ್ಟು ಒಂದೂವರೆ ಲಕ್ಷದ ತನಕ. ಸರ್ಕಾರಿ ಆಸ್ಪತ್ರೆ ರೆಫರಲ್ ಕೇಳ್ತಾರೆ, ಜಿಲ್ಲಾಸ್ಪತ್ರೇಲಿ ಮೊದಲೇ ಮಾಡಿಸ್ಕೊಂಡು ಹೋಗಿ, ನಾವು ಅದಕ್ಕೇ ಒಂದ್ಸಲ ವಾಪಸ್ ಬಂದ್ವಿ. ರೈಲಲ್ಲಿ ಕ್ಯಾನ್ಸರ್ ಪೇಷಂಟಿಗೆ ಸ್ಲೀಪರ್, ಥರ್ಡ್ ಎಸಿ ಟಿಕೆಟ್ ಫ್ರೀ, ಜೊತೇಲಿ ಹೋಗೋರಿಗೆ ಮುಕ್ಕಾಲು ಭಾಗ ಕಡಿಮೆ, ಡಾಕ್ಟರ್ ಹತ್ರ ಅದರ ಫಾರ್ಮ್ ಸೈನ್ ಮಾಡಿಸಿ. ದಾವಣಗೆರೆ ಬೆಂಗಳೂರು ಓಡಾಟ ಕಮ್ಮಿ ಆಗಲ್ಲ ನಿಮಗೆ.

ದಾವಣಗೆರೆ_ಮಗ:

ರೆಫರಲ್ ಆಯ್ತು ಅಕ್ಕ. ಅಪ್ಪಾಜಿಗೆ ಹೇಳಿದ್ವಿ, ಕಾಕಾ ಹೇಳಿದ ಹಾಗೇ ಡಾಕ್ಟರ್ ಕೈಲೇ ಹೇಳಿಸಿದ್ವಿ. ಸುಮ್ನೆ ಕೇಳಿಸ್ಕೊಂಡ್ರು, ಹೊರಗೆ ಬಂದು ಸುಣ್ಣದ ಡಬ್ಬಿ ತೆಗೆದು ನನ್ನ ಕೈಗೆ ಕೊಟ್ರು, ಏನೂ ಮಾತಾಡ್ಲಿಲ್ಲ. ನಿನ್ನೆ ಮೂಗಲ್ಲಿ ಟ್ಯೂಬ್ ಹಾಕಿದ್ರು, ಸೋಮವಾರದಿಂದ ರೇಡಿಯೇಷನ್. ಈಗ ಅವರ ಪ್ರಶ್ನೆ ಒಂದೇ, ಬೆಳಗ್ಗೆಯಿಂದ ಮೂರು ಸಲ ಕೇಳಿದಾರೆ, ಈ ಟ್ಯೂಬಲ್ಲಿ ಕಾಫಿ ಹಾಕಬಹುದಾ ಅಂತ.

ಧಾರವಾಡ_ಕಾಕಾ:

ಟ್ಯೂಬಿನ್ಯಾಗ ಹಾಕಿದ್ರ ರುಚಿ ಎಲ್ಲಿ ಬರ್ತದ ತಮ್ಮಾ. ನೀರು ಇನ್ನೂ ಇಳೀತಿದ್ರ, ಡಾಕ್ಟರಿಗೆ ಒಂದು ಮಾತು ಕೇಳಿ, ಬಾಯಾಗs ಎರಡು ಗುಟುಕು ಕೊಡ್ರಿ, ಕುಂದರ್ಸಿ, ಚಲೋತ್ನಾಗ ಆರ್ಸಿ. ಸುಡು ಸುಡು ಬ್ಯಾಡ. ಟ್ಯೂಬಿಗೆ ಊಟಾ ಹಾಕಿದಮ್ಯಾಲ ಅರ್ಧ ಲೋಟ ನೀರು ಬಿಡೂದು ಮರೀಬ್ಯಾಡ್ರಿ, ಇಲ್ಲಂದ್ರ ಕಟ್ಟಿ ಕುಂದರ್ತದ.